ಮಂಡಿನೋವಿನ ಪ್ರಾರ್ಥನೆ

ರೈಲಿನುದ್ದಕ್ಕೂ ದರ್ಜಿ ಒಂದೇ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. 'ನನ್ನ ಹೆಂಡತಿ ತೀರ್ಕೊಂಡ್ಳು. ನಾನೊಬ್ಬನೇ ಬಂದಿದೀನಿ. ಇಟ್ಕೋತೀರಾದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ಮುಂದಿನ ರೈಲಿಗೆ ಹೋಗ್ತೀನಿ.' ಇಷ್ಟೇ. ಅಂಗಿಗೊಂದು ಗುಂಡಿ ಹಾಕುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸಬಹುದಾದ ಮಾತು. ಆದರೆ ಆ ಹೊಸ ಊರಿನಲ್ಲಿ ಇಳಿದು, ಎರಡು ಕೈಯಲ್ಲಿ ಎರಡು ಪೆಟ್ಟಿಗೆ ಎಳೆದುಕೊಂಡು, ಸಿಕ್ಕಸಿಕ್ಕವರನ್ನು ದಾರಿ ಕೇಳಿ, ಕೊನೆಗೆ ಬೂದು ಬಣ್ಣದ ಆ ಮಹಡಿ ಮನೆಯ ಮುಂದೆ ನಿಂತಾಗ, ಬಾಗಿಲು ತೆರೆದ ಹೆಂಗಸು ಅವನ ಹೆಗಲ ಮೇಲಿಂದ ಹಿಂದಕ್ಕೆ ಇಣುಕಿದಳು.

"ನಿಮ್ಮ ಮನೆಯವ್ರು ಎಲ್ಲಿ?" ಎಂದು ಕೇಳಿದಳು.

"ಅವಳಿಗೆ ಮಂಡಿ ನೋವು," ಎಂದಿತು ದರ್ಜಿಯ ಬಾಯಿ. "ಸ್ವಲ್ಪ ಕಮ್ಮಿ ಆದ್ಮೇಲೆ ಬರ್ತಾಳೆ."

ಅದನ್ನು ಹೇಳಿದ್ದು ತಾನೇ ಎಂದು ಅವನಿಗೇ ನಂಬಿಕೆ ಬರಲಿಲ್ಲ. ಗಿರಾಕಿಗಳಿಗೆ 'ನಾಳೆ ಕೊಡ್ತೀನಿ' ಅನ್ನುವುದನ್ನು ಬಿಟ್ಟರೆ ಅವನು ಜೀವಮಾನದಲ್ಲಿ ಸುಳ್ಳು ಹೇಳಿದವನಲ್ಲ. ಆ ಒಂದು ಸುಳ್ಳನ್ನು ದೇವರು ಲೆಕ್ಕಕ್ಕೆ ಹಿಡಿದರೆ ಯಾವ ದರ್ಜಿಗೂ ಸ್ವರ್ಗದಲ್ಲಿ ಜಾಗ ಸಿಗಲಾರದು.

ಆ ಮನೆ ದಿಕ್ಕಿಲ್ಲದ ಮುದುಕ ಮುದುಕಿಯರದು. ದೇವರನ್ನು ನಂಬಿದ ಒಂದಷ್ಟು ಜನ ಸೇರಿ ನಡೆಸುತ್ತಿದ್ದರು. ವರ್ಷಕ್ಕೊಮ್ಮೆ ಬೇರೆ ಊರಿನಿಂದ ಗಂಡ ಹೆಂಡತಿಯ ಒಂದು ಜೋಡಿಯನ್ನು ಕರೆಸಿಕೊಳ್ಳುತ್ತಿದ್ದರು. ಸಂಬಳವಿಲ್ಲ. ಊಟ, ಒಂದು ಕೋಣೆ, ಮತ್ತು ಮೈತುಂಬ ಕೆಲಸ. ಸೇವೆಯ ವರ್ಷ ಎಂದು ಅದಕ್ಕೆ ಹೆಸರು. ಗಂಡಸರ ಸ್ನಾನ, ಗಡ್ಡ, ಉಗುರು ಗಂಡನ ಪಾಲಿಗೆ. ಹೆಂಗಸರದ್ದೆಲ್ಲ ಹೆಂಡತಿಯ ಪಾಲಿಗೆ. ಜೋಡಿಯೇ ಬರಬೇಕೆಂದು ಕಟ್ಟಳೆ ಮಾಡಿದ್ದು ಇದಕ್ಕೇ. ಒಬ್ಬರೇ ಬಂದರೆ ಅರ್ಧ ಮನೆಗೆ ಸ್ನಾನವಿಲ್ಲ.

ಇದೆಲ್ಲ ಹೆಂಡತಿಯ ಹಟ. ಎಲ್ಲದಕ್ಕೂ ವಾದಕ್ಕೆ ನಿಲ್ಲುತ್ತಿದ್ದ ಅವಳನ್ನು ಅವನು ವಕೀಲಮ್ಮ ಎಂದೇ ಕರೆಯುತ್ತಿದ್ದ. "ಮಗಳ ಸಂಸಾರ ದಡ ಸೇರ್ತು," ಎಂದು ಅವಳು ಶುರುಮಾಡಿದ್ದಳು. "ದೇವರು ಇಷ್ಟು ವರ್ಷ ನಮ್ಮನ್ನ ನೋಡ್ಕೊಂಡ. ಒಂದು ವರ್ಷ ಅವನ ಮನೆಯವ್ರನ್ನ ನಾವು ನೋಡ್ಕೊಂಡ್ರೆ ಕೈ ಸವೆದು ಹೋಗುತ್ತಾ?"

"ನಿನ್ನ ಮಂಡಿ?"

"ಮಂಡಿ ನಂದು, ನೋವೂ ನಂದು. ನಡುವೆ ನಿಮ್ಮದೇನು?"

ಅವನು ಗೊಣಗಿದ, ಮುಖ ಗಂಟಿಕ್ಕಿದ, ಕೊನೆಗೆ ಎಂದಿನಂತೆ ಸೋತ. ಇಬ್ಬರಿಗೂ ಒಂದೊಂದು ಏಪ್ರನ್ ಹೊಲಿದ. ಅವಳದಕ್ಕೆ ಬಾಚಣಿಗೆ ಇಟ್ಟುಕೊಳ್ಳಲು ದೊಡ್ಡ ಜೇಬು ಬೇಕಂತೆ; ಇಟ್ಟುಕೊಟ್ಟ. ಹೊರಡಲು ಇನ್ನೂ ಎಷ್ಟೋ ದಿನ ಇರುವಾಗಲೇ ಅವಳು ಎರಡೂ ಪೆಟ್ಟಿಗೆ ತುಂಬಿಸಿಟ್ಟಿದ್ದಳು. ಮನೆಯವರೆಲ್ಲ ಅವಳ ಮಂಡಿಯ ಮೇಲೆ ಕಣ್ಣಿಟ್ಟಿದ್ದಾಗ ಎದೆ ಸದ್ದಿಲ್ಲದೆ ಕೈಕೊಟ್ಟಿತು. ಮಧ್ಯಾಹ್ನ ಊಟ ಮಾಡಿ, "ಫ್ಯಾನ್ ಸ್ವಲ್ಪ ಕಮ್ಮಿ ಮಾಡಿ," ಎಂದು ಮಗ್ಗುಲಾದವಳು ಮತ್ತೆ ಏಳಲಿಲ್ಲ. ಕಡೆಯ ಮಾತು ಎಂದು ಹತ್ತು ಜನರಿಗೆ ಹೇಳಿಕೊಳ್ಳುವಂಥದ್ದೂ ಅಲ್ಲ ಅದು.

ಮಗಳು ತನ್ನ ಮನೆಗೆ ಬಂದುಬಿಡಿ ಎಂದು ಅತ್ತು ಕರೆದಳು. ಆದರೆ ಅಲ್ಲಿಗೆ ಹೋಗಬೇಕಾದರೆ ಮೊದಲು ಹೆಂಡತಿಯ ಪೆಟ್ಟಿಗೆ ಬಿಚ್ಚಬೇಕು; ಅದರಲ್ಲಿದ್ದದ್ದನ್ನು ಯಾರಿಗೆ ಕೊಡುವುದು, ಎಲ್ಲಿಡುವುದು ಎಂದು ತೀರ್ಮಾನಿಸಬೇಕು. ದರ್ಜಿಗೆ ಅದು ಆಗಲಿಲ್ಲ. ಪೆಟ್ಟಿಗೆ ತುಂಬಿದ್ದು ಯಾವ ಊರಿಗೆ ಎಂದೋ ಆ ಊರಿಗೇ ಎತ್ತಿಕೊಂಡು ಹೊರಟುಬಿಟ್ಟ.

ಬಾಗಿಲು ತೆರೆದವಳು ಆ ಮನೆಯ ಮೇಲ್ವಿಚಾರಕಿ. ಅವಳಿಗಿಂತ ದೊಡ್ಡವರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಕೋಣೆ ತೋರಿಸಿದಳು: ಎರಡು ಮಂಚ, ಎರಡು ಟವೆಲು, ಕಿಟಕಿಯ ಕಟ್ಟೆಯ ಮೇಲೆ ಎರಡು ಲೋಟ. ಹೆಂಡತಿಯ ಪೆಟ್ಟಿಗೆಯನ್ನು ತಾನೇ ಎತ್ತಿ ಎರಡನೆಯ ಮಂಚದ ಕೆಳಗಿಟ್ಟಳು.

"ಪೆಟ್ಟಿಗೆ ಬಂದಾಯ್ತು. ಒಡತಿ ಬರೋದೊಂದೇ ಬಾಕಿ," ಎಂದು ನಕ್ಕಳು. ದರ್ಜಿಯೂ ನಕ್ಕ. ನಗದೆ ಇನ್ನೇನು ಮಾಡುತ್ತಾನೆ?

ಸಂಜೆ ಎಲ್ಲರೂ ಊಟದ ಕೋಣೆಯಲ್ಲಿ ಪ್ರಾರ್ಥನೆಗೆ ಕೂಡುತ್ತಿದ್ದರು. ಅಲ್ಲಿನ ಪ್ರಾರ್ಥನೆಗೆ ಎರಡು ಸುತ್ತು. ಮೊದಲ ಸುತ್ತು ಕಾಯಿಲೆ ಬಿದ್ದವರಿಗೆ, ಎರಡನೆಯದು ತೀರಿಕೊಂಡವರಿಗೆ. ತಮ್ಮವರಲ್ಲಿ ಯಾರನ್ನು ನೆನೆಯಬೇಕೋ ಅವರವರು ಹೇಳುತ್ತಿದ್ದರು, ಉಳಿದವರು ದನಿಗೂಡಿಸುತ್ತಿದ್ದರು. ಮೊದಲ ಸಂಜೆಯೇ, ಮೊದಲ ಸುತ್ತಿನಲ್ಲಿ, ದೊಡ್ಡಕ್ಕ ಕಣ್ಣು ಮುಚ್ಚಿಕೊಂಡು, "ನಮ್ಮ ದರ್ಜಿಯಣ್ಣನ ಹೆಂಡತಿಯ ಮಂಡಿ ಬೇಗ ವಾಸಿಯಾಗಲಿ. ಅವರು ನೆಟ್ಟಗೆ ನಡ್ಕೊಂಡು ಈ ಮನೆಗೆ ಬರೋ ಹಾಗಾಗಲಿ," ಎಂದಳು. ನಡುಗುವ ಗಂಟಲು, ಹಲ್ಲಿಲ್ಲದ ಬಾಯಿ, ಎಲ್ಲವೂ ಒಟ್ಟಿಗೆ "ಹಾಗೇ ಆಗಲಿ" ಎಂದವು. ಎಲ್ಲರಿಗಿಂತ ಜೋರಾಗಿ ಕೂಗಿದವರು ಕಿವಿ ಪೂರಾ ಮಂದವಾಗಿದ್ದ ಮೇಷ್ಟ್ರು. ಅವರಿಗೆ ಮಾತ್ರ ಯಾವುದೇ ಸುದ್ದಿಯನ್ನು ಕಿವಿಯಲ್ಲಿ ಕೂಗಿ ಹೇಳಬೇಕಿತ್ತು. ಒಮ್ಮೆ ಹೇಳಿದರೆ ಅವರು ಮರೆಯುತ್ತಿರಲಿಲ್ಲ.

ದರ್ಜಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನಾಳೆ ಹೇಳಿಬಿಡಬೇಕು ಎಂದುಕೊಂಡ.

ನಾಳೆ ಹೇಳಲಿಲ್ಲ. ಮರುದಿನವೂ ಇಲ್ಲ. ಕೆಲಸವೇನೋ ಅವನಿಗೆ ಬೇಗ ಕೈಗೆ ಹತ್ತಿತು. ಮುದುಕರ ಕತ್ತಿಗೆ ಕೈ ಆನಿಸುವುದು, ತೋಳೆತ್ತಿ ಅಂಗಿ ತೊಡಿಸುವುದು ಅವನಿಗೆ ಹೊಸದಲ್ಲ. ಊರವರ ಮೈಗೆಲ್ಲ ಬಟ್ಟೆ ಹೊಂದಿಸಿದ ಕೈ ಅದು. ಮೇಷ್ಟ್ರು ದಿನಾ ಗಡ್ಡಕ್ಕೆ ಸೋಪು ಹಚ್ಚಿಸಿಕೊಳ್ಳುತ್ತಾ, "ಮಂಡಿ ಹೆಂಗಿದೆ?" ಎಂದು ಕೂಗುತ್ತಿದ್ದರು. ದರ್ಜಿ ಕೈಯಾಡಿಸಿ 'ಪರವಾಗಿಲ್ಲ' ಎಂದು ಸನ್ನೆ ಮಾಡುತ್ತಿದ್ದ.

ಕಷ್ಟವಾಗುತ್ತಿದ್ದದ್ದು ಹೆಂಗಸರ ಕಡೆಯಿಂದ ದೊಡ್ಡಕ್ಕ ಹೊರಗೆ ಬರುವಾಗ. ತನ್ನ ಕೆಲಸದ ಮೇಲೆ ವಕೀಲಮ್ಮನ ಕೆಲಸವನ್ನೂ ಅವಳೇ ಎಳೆಯುತ್ತಿದ್ದಳು. ತೋಳಿನವರೆಗೆ ನೆನೆದು, ಊದಿದ ಕಾಲನ್ನು ಬೆಂಚಿನ ಮೇಲೆ ಚಾಚಿ ಕೂತು, "ಇನ್ನೊಂದು ಜೋಡಿ ಬರ್ತೀವಿ ಅಂತ ಕೇಳಿದ್ರು ಅಣ್ಣಾ. ದರ್ಜಿಯಣ್ಣನ ಹೆಂಡತಿ ಬರೋರಿದಾರೆ, ಜಾಗ ಇಲ್ಲ ಅಂದೆ," ಎಂದಳು ಒಂದು ದಿನ. ದರ್ಜಿ ತಿನ್ನುತ್ತಿದ್ದ ಬ್ರೆಡ್ಡನ್ನು ಪಕ್ಕಕ್ಕೆ ಸರಿಸಿದ. ನಿಜ ಹೇಳಿದರೆ ಕಟ್ಟಳೆಯ ಪ್ರಕಾರ ಅವನು ಹೊರಡಬೇಕು. ಹೋಗಲು ಎಲ್ಲಿದೆ? ಹೆಂಡತಿಯ ಚಪ್ಪಲಿ ಇನ್ನೂ ಬಾಗಿಲಲ್ಲೇ ಇರುವ ಆ ಮನೆಗೆ.

ಆದರೆ ಬಾಯಿ ಕಟ್ಟಿಹಾಕಿದ್ದು ಅದೊಂದೇ ಭಯವಲ್ಲ. ದಿನಗಳೆದಂತೆ ದರ್ಜಿ ಆ ಮೊದಲ ಸುತ್ತಿಗೆ ಕಾಯತೊಡಗಿದ್ದ. ಊರಿನಲ್ಲಿ ಎಲ್ಲರೂ ಹೆಂಡತಿಯ ವಿಷಯವನ್ನು 'ಇದ್ದಳು', 'ಹೋದಳು' ಎಂದೇ ಮಾತಾಡುತ್ತಿದ್ದರು. ಇಲ್ಲಿ ಮಾತ್ರ, ಸಂಜೆಯ ಆ ಸ್ವಲ್ಪ ಹೊತ್ತು, ಅವಳು ಎಲ್ಲೋ ಒಂದು ಕಡೆ ಕಾಲು ಚಾಚಿಕೊಂಡು, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿರುತ್ತಿದ್ದಳು. ಗುರುತು ಪರಿಚಯವಿಲ್ಲದ ಅಷ್ಟು ಜನ ಅವಳು ಬರುತ್ತಾಳೆಂದು ನಂಬಿದ್ದರು. ಅಷ್ಟು ಜನ ನಂಬಿದ್ದನ್ನು ತಾನೊಬ್ಬ ಹೇಗೆ ಇಲ್ಲ ಎನ್ನಲಿ? ಒಂದೆರಡು ಸಲ ಅವನೇ "ಹಾಗೇ ಆಗಲಿ" ಎಂದದ್ದೂ ಉಂಟು. ತಮಾಷೆಗಲ್ಲ, ಮನಸಾರೆ ಅಂದಿದ್ದ.

ಮಗಳು ಫೋನಿನಲ್ಲಿ, "ಅಪ್ಪಾ, ಅವ್ರಿಗೆ ಹೇಳಿದ್ರಾ?" ಎಂದಳು.

"ನಾಳೆ ಹೇಳ್ತೀನಮ್ಮ."

"ನಿಮ್ಮ ಅಂಗಡಿ ನಾಳೆ ಥರಾನಾ?" ಎಂದಳು ಮಗಳು. ಅಪ್ಪ ನಗಲಿಲ್ಲ.

ಮೂರು ವಾರ ಹೀಗೇ ಕಳೆಯಿತು. ಆಮೇಲೊಂದು ಬೆಳಿಗ್ಗೆ ದರ್ಜಿಯ ಕೋಣೆಗೆ ಬಡಗಿ ಬಂದ. ಕೈಯಲ್ಲಿ ಒಂದು ಉಕ್ಕಿನ ಸರಳು, ಹೆಗಲ ಚೀಲದಲ್ಲಿ ಡ್ರಿಲ್ಲು, ಕಿವಿಯ ಸಂದಿಯಲ್ಲಿ ಪೆನ್ಸಿಲು. ಪ್ರಾರ್ಥನೆಗೆ ಬರುವವರಲ್ಲಿ ಅವನೂ ಒಬ್ಬ. ಮನೆಯ ರಿಪೇರಿಯನ್ನೆಲ್ಲ ಪುಕ್ಕಟೆ ಮಾಡಿಕೊಡುತ್ತಿದ್ದ.

"ದೊಡ್ಡಕ್ಕ ಹೇಳಿದ್ರು. ಅಮ್ಮಂಗೆ ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಒಂದು ಸರಳು ಬೇಕಂತೆ. ಮಂಡಿ ನೋವಿರೋರಿಗೆ ಬಚ್ಚಲೇ ಯಮ ನೋಡಿ," ಎಂದು ನೇರ ಬಚ್ಚಲಿಗೆ ನಡೆದ. ದರ್ಜಿ ಹಿಂದೆಯೇ ಹೋದ. ಬಡಗಿ ಸರಳನ್ನು ಬಿಳಿ ಗೋಡೆಗೆ ಒತ್ತಿ ಹಿಡಿದು, ಮೇಲೆ ಕೆಳಗೆ ಮಾಡಿ ನೋಡಿದ.

"ಅಮ್ಮ ಎಷ್ಟೆತ್ತರ? ಕೈ ಎಲ್ಲಿಗೆ ಬರುತ್ತೆ ಹೇಳಿ. ಒಂದ್ಸಲ ತೂತು ಹಾಕಿದ್ರೆ ಮುಗೀತು."

ಅದು ದರ್ಜಿಗೆ ಯೋಚಿಸಿ ಹೇಳಬೇಕಾದ ವಿಷಯವಲ್ಲ. ಅವನು ಸುಮ್ಮನೆ ಗೋಡೆಯ ಪಕ್ಕ ಹೋಗಿ ನಿಂತು, ಬಲಗೈಯನ್ನು ಮಡಿಸಿ, ಮೊಣಕೈಯನ್ನು ಸ್ವಲ್ಪ ಹೊರಗೆ ಚಾಚಿದ. ಮೆಟ್ಟಿಲು ಇಳಿಯುವಾಗ, ರಸ್ತೆ ದಾಟುವಾಗ, ಬಸ್ಸಿಗೆ ಕಾಯುವಾಗ ಹೆಂಡತಿ ಹಿಡಿಯುತ್ತಿದ್ದದ್ದು ಅಲ್ಲೇ. ಹಿಡಿದುಕೊಂಡೇ ವಾದ ಮಾಡುತ್ತಿದ್ದಳು. ಬಡಗಿ ಬಗ್ಗಿ, ಆ ಮೊಣಕೈಯ ಪಕ್ಕದಲ್ಲಿ ಗೋಡೆಯ ಮೇಲೆ ಒಂದು ಗೀಟು ಎಳೆದ.

"ಇಲ್ಲಿಗಾ?"

"ಇಲ್ಲಿಗೇ."

ದರ್ಜಿ ಕೈಯನ್ನು ಇಳಿಸಲಿಲ್ಲ. ಅಲ್ಲಿ ಒಂದು ತೂಕ ಇರಬೇಕಿತ್ತು. ಬಡಗಿ ಡ್ರಿಲ್ಲಿನ ವಯರನ್ನು ಪ್ಲಗ್ಗಿಗೆ ಸಿಕ್ಕಿಸುತ್ತಿದ್ದ. ಮೊಣಕೈಯನ್ನು ಯಾರೂ ಹಿಡಿಯಲಿಲ್ಲ.

"ಹಾಕಬೇಡಿ," ಎಂದ ದರ್ಜಿ.

"ಯಾಕೆ, ಎತ್ತರ ಆಯ್ತಾ?"

"ಎತ್ತರ ಸರಿ ಇದೆ. ಅವಳು ಬರಲ್ಲ."

ಬಡಗಿ ತಿರುಗಿ ನೋಡಿದ. ದರ್ಜಿ ಇನ್ನೂ ಹಾಗೇ, ಕೈ ಮಡಿಸಿಕೊಂಡು, ಅಳುತ್ತಾ ನಿಂತಿದ್ದ. ಹೆಂಡತಿ ಹೋದ ದಿನ ಮಗಳನ್ನು ಸಮಾಧಾನ ಮಾಡುವುದರಲ್ಲೇ ಅವನ ಅಳು ಎಲ್ಲೋ ಸಿಕ್ಕಿಕೊಂಡುಬಿಟ್ಟಿತ್ತು. ಬಡಗಿ ಬಕೆಟ್ಟು ಬೋರಲು ಹಾಕಿ ಅವನನ್ನು ಕೂರಿಸಿದ, ತಾನು ನೆಲದ ಮೇಲೆ ಕೂತ. ದರ್ಜಿ ಎಲ್ಲ ಹೇಳಿದ ಮೇಲೆ, "ದೊಡ್ಡಕ್ಕಂಗೆ ನೀವೇ ಹೇಳಿ ಅಣ್ಣಾ. ಬೇರೆಯವ್ರ ಬಾಯಿಂದ ಬೇಡ," ಎಂದ.

ದೊಡ್ಡಕ್ಕ ಆಗ ಒಗೆದ ಹಾಸಿಗೆ ಬಟ್ಟೆ ಹಿಂಡುತ್ತಿದ್ದಳು. ದರ್ಜಿ ಹೇಳಿ ಮುಗಿಸುವವರೆಗೂ ಬಟ್ಟೆ ಕೈಯಲ್ಲೇ ಇತ್ತು. ಅವಳು ಮರುಗಲಿಲ್ಲ, ಅವಳಿಗೆ ಮೊದಲು ಬಂದದ್ದು ಸಿಟ್ಟು.

"ದೇವರ ಮುಂದೆ ನನ್ನ ಕೈಲಿ ಸುಳ್ಳು ಹೇಳಿಸಿದ್ರಲ್ಲ ಅಣ್ಣಾ! ನನ್ನ ಕಾಲು ಬೀಳೋ ಹಾಗಿದೆ, ಆದ್ರೂ ದಿನಾ ನಿಮ್ಮ ಹೆಂಡತಿ ಕಾಲಿಗೆ ಬೇಡ್ಕೊಂಡೆ. ಆ ಜೋಡಿಗೂ ಬರಬೇಡಿ ಅಂದೆ."

"ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ಆಗೋಯ್ತಾ?" ಬಟ್ಟೆಯ ಇನ್ನೊಂದು ತುದಿಯನ್ನು ಅವನ ಕಡೆ ಚಾಚಿದಳು. ಅವನು ಹಿಡಿದ. ಇಬ್ಬರೂ ಎದುರುಬದುರು ನಿಂತು ನೀರು ಪೂರಾ ಇಳಿಯುವ ತನಕ ಹಿಂಡಿದರು. "ನಾಳೆ ಅವ್ರನ್ನ ಬನ್ನಿ ಅಂತೀನಿ. ಆ ಕೋಣೆ ಅವ್ರಿಗೆ ಬೇಕು. ನಿಮ್ಮನ್ನ ಇಟ್ಕೋಬೇಕೋ ಬೇಡ್ವೋ, ಮನೆ ನಡೆಸೋ ಹಿರಿಯರನ್ನ ಕೇಳ್ಬೇಕು. ನನ್ನ ಕೈಲಿಲ್ಲ." ಬಟ್ಟೆಯನ್ನು ತಂತಿಗೆ ಎಸೆದ ಮೇಲೆ ಅವನ ಕಡೆ ನೋಡದೆ, "ಹೆಂಗೆ ಹೋದ್ರು?" ಎಂದು ಕೇಳಿದಳು.

"ಮಲಗಿದ್ದಾಗ."

"ಮಂಡಿ ನೋವಾದ್ರೂ ನಿಜಾನಾ?"

"ಅದು ನಿಜ," ಎಂದ ದರ್ಜಿ.

ಸಂಜೆಗೆ ಮೊದಲೇ ಸುದ್ದಿ ಮನೆಯೆಲ್ಲ ಹರಡಿತ್ತು. ಪ್ರಾರ್ಥನೆಗೆ ಕೂತವರು ದರ್ಜಿಯ ಮುಖ ನೋಡದೆ ತಮ್ಮ ತಮ್ಮ ಕೈ ನೋಡಿಕೊಂಡರು. ಮೊದಲ ಸುತ್ತು ಶುರುವಾಯಿತು. ಯಾರದೋ ತಮ್ಮನ ಕಣ್ಣಿನ ಪೊರೆ, ಯಾರದೋ ಮೊಮ್ಮಗುವಿನ ಜ್ವರ. ದೊಡ್ಡಕ್ಕ ತನ್ನ ಸರದಿ ಬಂದಾಗ ಏನೂ ಹೇಳದೆ ಮುಂದಕ್ಕೆ ಬಿಟ್ಟಳು. ಆಗ ಮೇಷ್ಟ್ರು ತಲೆಯೆತ್ತಿದರು. ಅವರ ಕಿವಿಯಲ್ಲಿ ಕೂಗಿ ಹೇಳುವುದು ಮಾತ್ರ ಎಲ್ಲರಿಗೂ ಮರೆತುಹೋಗಿತ್ತು, ಇಲ್ಲವೇ ಯಾರಿಗೂ ಧೈರ್ಯ ಬಂದಿರಲಿಲ್ಲ.

"ದರ್ಜಿಯ ಹೆಂಡತೀನ ಬಿಟ್ಟುಬಿಟ್ರಿ!" ಎಂದು ಮೇಷ್ಟ್ರು ಗದರಿದರು. ಆಮೇಲೆ ಕಣ್ಣು ಮುಚ್ಚಿ, ಕೋಣೆ ಮೊಳಗುವಂತೆ, "ಆಯಮ್ಮನ ಮಂಡಿ ವಾಸಿಯಾಗಲಿ. ಬೇಗ ಬರಲಿ," ಎಂದರು.

ಯಾರೂ ದನಿಗೂಡಿಸಲಿಲ್ಲ. ಮೇಷ್ಟ್ರು ಕಣ್ಣು ಬಿಟ್ಟು ಸುತ್ತ ನೋಡಿದರು. ದೊಡ್ಡಕ್ಕ ಏಳಲು ಹೊರಟಳು. ಅಷ್ಟರಲ್ಲಿ ದರ್ಜಿಯೇ ಎದ್ದು, ಮೇಷ್ಟ್ರ ಕುರ್ಚಿಯ ಪಕ್ಕ ಬಗ್ಗಿ, ಕಿವಿಗೆ ಬಾಯಿ ಇಟ್ಟ.

"ಅವಳು ತೀರ್ಕೊಂಡ್ಳು ಮೇಷ್ಟ್ರೇ."

"ಏನು?"

"ತೀರ್ಕೊಂಡ್ಳು!"

"ಜೋರಾಗಿ ಹೇಳಪ್ಪ, ಕೇಳ್ಸಲ್ಲ!"

ರೈಲಿನುದ್ದಕ್ಕೂ ಬಾಯಿಪಾಠ ಮಾಡಿದರೂ ಬಾಗಿಲಲ್ಲಿ ಮೆಲ್ಲಗೆ ಹೇಳಲಾಗದ ಮಾತನ್ನು ದರ್ಜಿ ಈಗ ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಬೇಕಾಯಿತು. "ನನ್ನ ಹೆಂಡತಿ ಸತ್ತುಹೋದ್ಳು! ಅವಳಿಲ್ಲ! ಅವಳು ಬರಲ್ಲ!" ಮಹಡಿಯ ಮೇಲೆ ಹಾಸಿಗೆ ಹಿಡಿದವರಿಗೂ ಅದು ಕೇಳಿಸಿತು.

ಮೇಷ್ಟ್ರಿಗೆ ಕೇಳಿಸಿತು. ಅವರು ದರ್ಜಿಯ ಕೈಯನ್ನು ಹುಡುಕಿ ಹಿಡಿದುಕೊಂಡರು. ಹಿಡಿದದ್ದು ಮೊಣಕೈಯನ್ನಲ್ಲ, ಬೆರಳುಗಳನ್ನು. "ಇಷ್ಟು ದಿನ ಇದನ್ನ ನೀನೊಬ್ಬನೇ ಮನಸಲ್ಲಿ ಇಟ್ಕೊಂಡಿದ್ಯಾ?" ಎಂದರು, ತಮ್ಮ ಮಟ್ಟಿಗೆ ಪಿಸುಮಾತಿನಲ್ಲಿ. ದರ್ಜಿ ತಲೆಯಾಡಿಸಿದ. "ಹಂಗಾದ್ರೆ ನೀನೂ ಹೋಗ್ತೀಯಾ?" ದರ್ಜಿ ದೊಡ್ಡಕ್ಕನ ಕಡೆ ನೋಡಿದ. ಹಿರಿಯರನ್ನು ಇನ್ನೂ ಕೇಳಿರದ ಅವಳು ಮುಖ ತಿರುಗಿಸಿ ಎರಡನೆಯ ಸುತ್ತು ಶುರುಮಾಡಿದಳು.

ಹೋದವರನ್ನು ಒಬ್ಬೊಬ್ಬರೇ ನೆನೆದರು. ಎಲ್ಲರದೂ ಮುಗಿದ ಮೇಲೆ ಉಳಿದದ್ದು ದರ್ಜಿಯ ಸರದಿ. ಅವನು ಮೇಷ್ಟ್ರ ಕುರ್ಚಿಯ ಪಕ್ಕದಲ್ಲಿ ನಿಂತಲ್ಲೇ, "ನನ್ನ ಹೆಂಡತಿ," ಎಂದ. ನಡುಗುವ ಗಂಟಲುಗಳೆಲ್ಲ ಅವಳಿಗೆ ಶಾಂತಿ ಸಿಗಲಿ ಎಂದವು. ಅವಳ ಮಂಡಿಯ ಮಾತನ್ನು ಯಾರೂ ಎತ್ತಲಿಲ್ಲ.