ಕಂಡದ್ದನ್ನೇ ಬರೆಯಿರಿ

"ಮೇಡಂ, ಇವು ಕೋಶ ಅಲ್ಲ. ಗಾಳಿಗುಳ್ಳೆ," ಎಂದ ನಮ್ಮ ಲ್ಯಾಬಿನ ಅಟೆಂಡರ್.

ಬೆಳಗ್ಗೆ ಒಂಬತ್ತೂವರೆ. ಹತ್ತು ಗಂಟೆಗೆ ಪ್ರಾಯೋಗಿಕ ಪರೀಕ್ಷೆ. ಕಾಲು ಮುರಿದುಕೊಂಡು ಮೂರು ತಿಂಗಳು ರಜೆಯಲ್ಲಿದ್ದ ಮನುಷ್ಯ ಅವತ್ತೇ ಕೆಲಸಕ್ಕೆ ಬಂದಿದ್ದ. ಬಂದವನು ಸುಮ್ಮನೆ ಕೂರಲಾರದೆ ಮಕ್ಕಳ ರೆಕಾರ್ಡ್ ಪುಸ್ತಕಗಳನ್ನು ತಿರುವಿಹಾಕುತ್ತಿದ್ದ.

"ಎಷ್ಟು ಜನರದ್ದು?"

"ಎಲ್ಲರದ್ದೂ. ದುಂಡಗೆ, ಸುತ್ತ ದಪ್ಪ ಕಪ್ಪು ಗೆರೆ. ಕೆಳಗೆ ಈರುಳ್ಳಿ ಕೋಶ ಅಂತ ಬರ್ದಿದಾರೆ. ನೀವು ಸರಿ ಹಾಕಿದೀರಿ."

ಹಾಕಿದ್ದೆ. ನೋಡದೆ ಹಾಕಿದ್ದೆ. ಎಂಟು ತಿಂಗಳಿಂದ ನನ್ನ ನೋಟದ ನಡುಭಾಗ ಹೋಗಿದೆ, ಅಂಚು ಮಾತ್ರ ಉಳಿದಿದೆ. ಬಾಗಿಲು ಕಾಣುತ್ತದೆ, ಚಿಲಕ ಕಾಣುವುದಿಲ್ಲ. ಮಗುವಿನ ಎರಡು ಕಿವಿ ಕಾಣುತ್ತವೆ, ಮುಖ ಕಾಣುವುದಿಲ್ಲ. ಇದು ಗೊತ್ತಿದ್ದದ್ದು ಕಣ್ಣಿನ ಡಾಕ್ಟರಿಗೆ ಮತ್ತು ನನ್ನ ಅಕ್ಕನಿಗೆ. "ಹೇಳ್ಬಿಡೇ, ಬೇರೆ ಏನಾದ್ರೂ ಕೆಲ್ಸ ಕೊಡ್ತಾರೆ," ಎಂದು ಅಕ್ಕ ದಿನಕ್ಕೆ ಮೂರು ಸಲ ಹೇಳುತ್ತಿದ್ದಳು. "ಕೊಡ್ತಾರೆ, ಮನೆಗೆ ಹೋಗೋ ಕೆಲ್ಸ," ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ. ಇಪ್ಪತ್ತೆರಡು ವರ್ಷ ಕಲಿಸಿದವಳು ನಾನು. ಬಾಯಿಪಾಠ ನನಗಾಗದು. ಹಿಟ್ಟು ಕಲಸಿ ಕೋಶ ಮಾಡಿಸುವುದು, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಗೋಲಿ ಹಾಕಿ ಇದೇ ಕೋಶಕೇಂದ್ರ, ಹಿಸುಕಿ ನೋಡು ಅನ್ನುವುದು, ಈರುಳ್ಳಿ ಸುಲಿಸಿ ಸ್ಲೈಡ್ ಮಾಡಿಸುವುದು ನನ್ನ ಪದ್ಧತಿ. ಅದನ್ನು ಬಿಟ್ಟು ಮನೆಯಲ್ಲಿ ಕೂತರೆ ನಾನು ಯಾರು ಎಂದು ನನಗೇ ತಿಳಿಯದು. ಆ ಭಯಕ್ಕೇ ಮುಚ್ಚಿಟ್ಟಿದ್ದೆ.

ಗುಳ್ಳೆ ಎಲ್ಲಿಂದ ಬಂತೆಂದು ಅಟೆಂಡರ್ ಕೇಳುವ ಮೊದಲೇ ನನಗೆ ಹೊಳೆಯಿತು. ಈರುಳ್ಳಿ ಪೊರೆಯ ಮೇಲೆ ತೆಳು ಗಾಜಿನ ಚೂರನ್ನು ಮುಚ್ಚುವಾಗ ಸೂಜಿಯ ಆಸರೆ ಕೊಟ್ಟು ಓರೆಯಾಗಿ, ನಿಧಾನವಾಗಿ ಇಳಿಸಬೇಕು. ದಪ್ಪೆಂದು ಬಿಟ್ಟರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಹನಿಯ ಅಂಚು ಕಾಣದ ನಾನು ದಪ್ಪೆಂದು ಬಿಟ್ಟಿದ್ದೆ. ಮಕ್ಕಳು ನನ್ನ ಕೈಯನ್ನೇ ನೋಡಿ ಕಲಿತಿದ್ದರು.

ಅಷ್ಟೇ ಆಗಿದ್ದರೆ ಬದುಕಿಕೊಳ್ಳುತ್ತಿದ್ದೆ. ಆದರೆ ಕಡ್ಡಿಯ ನೆನಪಾಯಿತು.

ಕಡ್ಡಿ ಕೊನೆಯ ಬೆಂಚಿನ ಹುಡುಗಿ. ಕಡ್ಡಿ ಮುರಿದಂತೆ ಮಾತಾಡುತ್ತಾಳೆಂದು ಆ ಹೆಸರು. "ಮಿಸ್, ನೀವು ಹೇಳಿದ್ದು ತಪ್ಪು" ಎಂದು ತರಗತಿಯ ನಡುವೆ ಹೇಳುವವಳು ಅವಳೊಬ್ಬಳೇ. ನನ್ನ ಕೈ ನೋಡದೆ ತನ್ನ ಪಾಡಿಗೆ ನಿಧಾನವಾಗಿ ಗಾಜು ಇಳಿಸಿದವಳೂ ಅವಳೊಬ್ಬಳೇ ಇರಬೇಕು. ನನ್ನದೊಂದು ನಿಯಮವಿದೆ: ಪುಸ್ತಕದ ಚಿತ್ರ ನೋಡಿ ಬರೆದರೆ ಸೊನ್ನೆ, ಕಂಡದ್ದನ್ನೇ ಬರೆಯಿರಿ. ಈರುಳ್ಳಿಯ ರೆಕಾರ್ಡ್ ತಿದ್ದಿದ ದಿನ ಕ್ಲಾಸ್ ಲೀಡರ್ ಹುಡುಗನನ್ನು ಕೂರಿಸಿಕೊಂಡು, "ಎಲ್ಲರದ್ದೂ ಒಂದೇ ತರ ಇದ್ಯಾ?" ಎಂದು ಕೇಳಿದ್ದೆ. "ಕಡ್ಡಿದು ಮಾತ್ರ ಬೇರೆ ಮಿಸ್. ಪುಸ್ತಕದಲ್ಲಿ ಇದ್ಯಲ್ಲ, ಹಂಗೇ ಇದೆ," ಎಂದ. ಉಳಿದವರದ್ದು ಹೇಗಿದೆ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಿದರೆ ನನಗೆ ಕಾಣುವುದಿಲ್ಲವೆಂದು ಗೊತ್ತಾಗಿಬಿಡುತ್ತಿತ್ತು. ಕೆಂಪು ಪೆನ್ನಿನಿಂದ ಅವಳ ಹಾಳೆಯ ಮೇಲೆ ಗೀಟು ಎಳೆದೆ.

"ನಂಗೆ ಹಂಗೇ ಕಾಣ್ಸಿದ್ದು ಮಿಸ್. ಇಟ್ಟಿಗೆ ಜೋಡ್ಸಿದ ಹಂಗೆ," ಎಂದಿದ್ದಳು.

"ಊರಿಗೆಲ್ಲ ಒಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ. ಮೂವತ್ತು ಜನಕ್ಕೆ ಕಾಣದ್ದು ನಿಂಗೊಬ್ಳಿಗೇ ಕಾಣ್ತಾ? ಹೋಗಿ ಕಣ್ಣು ತೋರಿಸ್ಕೋ."

ತರಗತಿ ನಕ್ಕಿತ್ತು. ಅವಳು ಅಳಿಸಿ ದುಂಡಗೆ ಬರೆದುಕೊಂಡು ಬಂದಳು. ಮುಂದಿನ ವಾರ ಕನ್ನಡಕ ಹಾಕಿಕೊಂಡು ಬಂದಳು. ಆಮೇಲೆ ಒಂದು ದಿನವೂ ನನ್ನನ್ನು ತಪ್ಪೆನ್ನಲಿಲ್ಲ. ಬುದ್ಧಿ ಬಂತು ಎಂದುಕೊಂಡಿದ್ದೆ ನಾನು, ಮಹಾ ಜಾಣೆ.

ಹತ್ತಕ್ಕೆ ಐದು ನಿಮಿಷವಿರುವಾಗ ಮಕ್ಕಳು ಒಳಗೆ ಬಂದರು. ಸೂಜಿ ಹಿಡಿದು, ಬೆರಳಿನಿಂದ ಗಾಜಿನ ಅಂಚು ತಡವಿ, ಓರೆಯಾಗಿ ಇಳಿಸಿ ತೋರಿಸಿದೆ. "ಹಿಂದೆ ಮಾಡಿದ್ದನ್ನ ಮರ್ತುಬಿಡಿ. ಆವಾಗ ಗಾಜು ಕೊಳೆಯಾಗಿತ್ತು," ಎಂದೆ. ಗಾಜು! ಪಾಪ, ಅದಕ್ಕೆ ಬಾಯಿಲ್ಲ. ಕಡ್ಡಿಯ ಹತ್ತಿರ ಹೋಗಿ ಒಂದು ಮಾತು ಹೇಳಲು ಇನ್ನೂ ಎರಡು ನಿಮಿಷವಿತ್ತು. ನಾನು ಮುಂದಿನ ಬೆಂಚಿನ ಸ್ಲೈಡುಗಳನ್ನು ಒರೆಸುತ್ತ ನಿಂತೆ. ಅಷ್ಟರಲ್ಲಿ ಪರೀಕ್ಷಕರು ಬಂದರು. ಹೊರಗಿನ ಶಾಲೆಯ ಹಿರಿಯ ಮೇಷ್ಟ್ರು, ಬೂಟು ಕಿರುಗುಟ್ಟಿಸುತ್ತ ನಡೆಯುವವರು. ಇನ್ನು ಮಕ್ಕಳೊಂದಿಗೆ ನಾನು ಮಾತಾಡುವಂತಿಲ್ಲ. ಇದರಲ್ಲಿ ಫೇಲಾದರೆ ವರ್ಷವೇ ಹೋಗುತ್ತದೆ.

ಒಬ್ಬೊಬ್ಬರಾಗಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. "ಅಯ್ಯೋ, ಬೇರೆ ತರ ಇದೆ," ಎಂದು ಯಾರೋ ಪಿಸುಗುಟ್ಟಿದರು. "ಮಾತಾಡಬಾರದು," ಎಂದರು ಪರೀಕ್ಷಕರು. ಪೆನ್ಸಿಲ್ಲುಗಳು ಓಡತೊಡಗಿದವು. ಕಣ್ಣು ಹೋದಮೇಲೆ ನಾನು ಪೆನ್ಸಿಲ್ ಕೇಳುವುದನ್ನು ಕಲಿತಿದ್ದೇನೆ. ಉದ್ದ ಗೆರೆ ಸರ್ರನೆ ಹೋಗಿ ನಿಲ್ಲುತ್ತದೆ. ವೃತ್ತ ನಿಲ್ಲದೆ ಸುತ್ತುತ್ತದೆ. ಎಲ್ಲ ಬೆಂಚಿನಿಂದಲೂ ಸರ್ರ್, ಸರ್ರ್ ಎಂದು ಇಟ್ಟಿಗೆ ಏಳುತ್ತಿತ್ತು. ನಾನು ಉಸಿರು ಬಿಟ್ಟೆ.

ಕೊನೆಯ ಬೆಂಚಿನಲ್ಲಿ ಪೆನ್ಸಿಲ್ ಸುತ್ತುತ್ತಿತ್ತು.

ಹತ್ತಿರ ಹೋಗಿ ಅವಳ ಸ್ಲೈಡಿನ ಮೇಲೆ ಬೆರಳಾಡಿಸಿದೆ. ಗಾಜು ಸಮವಾಗಿ ಕೂತಿತ್ತು, ಸುತ್ತ ಹನಿ ಹೊರಚೆಲ್ಲಿರಲಿಲ್ಲ. ಗುಳ್ಳೆ ಇರಲಾರದು. ಅವಳಿಗೆ ಇಟ್ಟಿಗೆಯೇ ಕಾಣುತ್ತಿರಬೇಕು. ಕಂಡರೂ ಅವಳು ದುಂಡಗೆ ಬರೆಯುತ್ತಿದ್ದಳು.

ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಒಂದು ಹುಡುಗಿ ತಾನೇ ಎಂದು ಮನಸ್ಸು ಹೇಳಿತು ಕೂಡ. ಸುಳ್ಳು ಯಾಕೆ ಹೇಳಲಿ.

"ಏನಮ್ಮ ಕಾಣ್ತಿದೆ?" ಎಂದು ಪರೀಕ್ಷಕರು ಅವಳನ್ನೇ ಕೇಳಿದರು.

ಅವಳು ತಿರುಗಿದಳು. ಅವಳ ಕಿವಿಗಳು ಮತ್ತು ಕನ್ನಡಕದ ಕಡ್ಡಿಗಳು ನನ್ನ ಕಡೆಗಿದ್ದವು.

"ನಂಗೆ ಗೊತ್ತಾಗಲ್ಲ ಸರ್. ನನ್ ಕಣ್ಣು ಸರಿಯಿಲ್ಲ. ಮಿಸ್ ಏನ್ ಹೇಳ್ತಾರೋ ಅದೇ."

ನಾನು ಪರೀಕ್ಷಕರ ಕಡೆ ತಿರುಗಿದೆ.

"ಅವಳ ಕಣ್ಣು ಸರಿಯಾಗಿದೆ ಸರ್," ಎಂದೆ. ದನಿ ನನ್ನದೆನ್ನಿಸಲಿಲ್ಲ. "ಕಣ್ಣು ಹೋಗಿರೋದು ನನ್ನದು. ಎಂಟು ತಿಂಗಳಾಯ್ತು. ಈ ಮಕ್ಕಳ ಒಂದು ಚಿತ್ರಾನೂ ನಾನು ನೋಡಿಲ್ಲ. ಇವಳು ಸರಿಯಾಗೇ ಬರ್ದಿದ್ಲು. ನಾನೇ ಹೊಡೆದುಹಾಕ್ದೆ."

ಎಲ್ಲ ಪೆನ್ಸಿಲ್ಲುಗಳೂ ನಿಂತವು. ಪರೀಕ್ಷಕರು ತಮ್ಮ ಹಾಳೆಯಲ್ಲಿ ಏನೋ ಬರೆಯತೊಡಗಿದರು. ಅದೇನೆಂದು ಓದಲು ಕಣ್ಣು ಬೇಕಿರಲಿಲ್ಲ.

"ಹಂಗಾದ್ರೆ ಇಟ್ಟಿಗೆ ತರಾನೇ ಇದ್ಯಾ ಮಿಸ್?" ಎಂದಳು ಕಡ್ಡಿ.

"ನಂಗೊತ್ತಿಲ್ಲ ಮಗಳೇ. ನೀನೇ ನೋಡಿ ಹೇಳ್ಬೇಕು."

ಕನ್ನಡಕ ಮಡಚಿದ ಸದ್ದಾಯಿತು. ಆಮೇಲೆ ರಬ್ಬರ್ ಉಜ್ಜಿತು. ಪೆನ್ಸಿಲ್ ಹಾಳೆಯನ್ನು ಮುಟ್ಟಿತು, ಮೇಲೆದ್ದಿತು, ಮತ್ತೆ ಮುಟ್ಟಿತು, ಮತ್ತೆ ಮೇಲೆದ್ದಿತು. ಗಂಟೆ ಹೊಡೆಯಲು ಹತ್ತು ನಿಮಿಷ ಉಳಿದಿತ್ತು. ನಾನು ಅಲ್ಲೇ ಬೆಂಚು ಹಿಡಿದು ನಿಂತು, ಒಂದು ಉದ್ದ ಗೆರೆಯ ಸದ್ದಿಗಾಗಿ ಕಿವಿಗೊಟ್ಟು ಕಾಯುತ್ತಿದ್ದೆ.