ಮೊದಲ ದೊನ್ನೆ

ಹಂಡೆಯ ಮುಚ್ಚಳ ತೆಗೆದು ಹತ್ತು ನಿಮಿಷವಾದರೂ ಯಾರೂ ಬಿರಿಯಾನಿ ಕೇಳಲಿಲ್ಲ. ಲಗ್ಗೆರೆಯ ಆ ಪುಟ್ಟ ಹೋಟೆಲಿನ ಮುಂದೆ ಭಾನುವಾರ ಬೆಳಗ್ಗೆ ಏಳಕ್ಕೇ ಇಪ್ಪತ್ತು ಜನ ನಿಂತಿದ್ದರು. ಎಲ್ಲರ ಕಣ್ಣೂ ಗಲ್ಲಾದ ಹಿಂದೆ ಕೂತ ಚನ್ನಕೇಶವನ ಮೇಲೆ.

ಕಾರಣ ಅವನಿಗೆ ಗೊತ್ತಿತ್ತು. ಅವನಪ್ಪ ದೊಡ್ಡಣ್ಣನ ಕಾಲದಲ್ಲಿ ಯಾರೋ ಹೊಟ್ಟೆಕಿಚ್ಚಿನವರು ಇಲ್ಲಿ ಹಳೇ ಮಾಂಸ ಹಾಕುತ್ತಾರೆಂದು ಪುಕಾರು ಎಬ್ಬಿಸಿದ್ದರು. ಮರುದಿನವೇ ದೊಡ್ಡಣ್ಣ ರಸ್ತೆಗೆ ಮುಖ ಮಾಡಿ ಬೆಂಚಿನ ಮೇಲೆ ಕೂತು, ಮೊದಲ ದೊನ್ನೆಯನ್ನು ಎಲ್ಲರೆದುರು ತಾನೇ ತಿಂದು ಕೈ ತೊಳೆದ. ಅಂದಿನಿಂದ ಅದೇ ಪದ್ಧತಿ: ಮೊದಲು ಯಜಮಾನ, ಆಮೇಲೆ ಗಿರಾಕಿ. ಅಪ್ಪ ಹೋದ ಮೇಲೆ ಇಪ್ಪತ್ತಾರು ವರ್ಷ ಚನ್ನಕೇಶವ ಒಂದು ದಿನವೂ ತಪ್ಪಿಸಿರಲಿಲ್ಲ. ಅದೂ ಸುಮ್ಮನೆ ತಿನ್ನುವುದೇ? ಮೇಲೆ ತೇಲುವ ತುಪ್ಪ, ಕೊಬ್ಬು ಮೆತ್ತಿದ ತುಂಡು, ಎಲ್ಲ ಆ ದೊನ್ನೆಗೇ.

ಈಗ ನೋಡಿ ಗ್ರಹಚಾರ. ಗಂಡ ಹೆಂಡತಿ ಇಬ್ಬರೂ ಬಂದರೆ ಲ್ಯಾಬಿನಲ್ಲಿ ರಿಯಾಯಿತಿ ಎಂದು ಹೆಂಡತಿ ಲತಾಳ ಜತೆ ಹೋಗಿ ರಕ್ತ ಕೊಟ್ಟು ಬಂದಿದ್ದ. ನೂರರ ಒಳಗಿರಬೇಕಾದ ಕೆಟ್ಟ ಕೊಲೆಸ್ಟ್ರಾಲ್ ಅವನಿಗೆ ನೂರಾ ತೊಂಬತ್ತೆಂಟು. "ನಂದೆಲ್ಲ ನಾರ್ಮಲ್ ಕಣ್ರೀ, ಮೊದ್ಲು ನಿಮ್ದು ತೋರ್ಸಿ" ಎಂದು ಲತಾ ಹಿಂದಿನ ಸಂಜೆಯಷ್ಟೇ ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿದ್ದಳು.

"ದಿನಾ ಮಾತ್ರೆ, ದಿನಾ ವಾಕಿಂಗು. ತುಪ್ಪ, ಕೊಬ್ಬು ಇವತ್ತಿಗೇ ನಿಲ್ಸಿ" ಎಂದರು ಡಾಕ್ಟರು. "ನಿಮ್ಮ ತಂದೆ ಎಷ್ಟನೇ ವಯಸ್ಸಿಗೆ ಹೋದ್ರು?"

"ಐವತ್ತೆರಡು ಸಾರ್. ಹಾರ್ಟು."

"ನಿಮಗೀಗ?"

"ಐವತ್ತೊಂದು."

ಡಾಕ್ಟರು ಪೆನ್ನು ಕೆಳಗಿಟ್ಟಿದ್ದರು.

"ಏನಣ್ಣಾ, ಇವತ್ತು ತಿನ್ನಲ್ವಾ?" ಪೀಣ್ಯದ ಕಾರ್ಖಾನೆಯ ಮೋಹನ್ ಕುಮಾರ್ ಕೊನೆಗೂ ಕೇಳೇಬಿಟ್ಟ. ಹತ್ತು ವರ್ಷದ ಗಿರಾಕಿ.

"ಯಾಕೋ ಹೊಟ್ಟೆ ಸರಿ ಇಲ್ಲ ಕಣಪ್ಪ."

ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡ. ಬಿರಿಯಾನಿ ಹೋಟೆಲಿನವನು ಗಲ್ಲಾದ ಮೇಲೆ ಕೂತು ಆಡುವ ಮಾತೇ ಇದು! ಹಾಗಂತ ನಿಜ ಹೇಳುವುದಾದರೂ ಹೇಗೆ? ನನ್ನ ಬಿರಿಯಾನಿ ನನಗೇ ವಿಷ ಎನ್ನಬೇಕೇ?

"ನಿನ್ನೆ ಇಲ್ಲೇ ತಿಂದಿದ್ರಲ್ಲಣ್ಣಾ?" ಹಿಂದಿನಿಂದ ಯಾರೋ ಅಂದರು. ಗುಸುಗುಸು ಎದ್ದಿತು. ಇಬ್ಬರು ಆಗಲೇ ಬೈಕು ತಿರುಗಿಸುತ್ತಿದ್ದರು. ಚನ್ನಕೇಶವನಿಗೆ ತಿಂದರೂ ಸತ್ತೆ, ಬಿಟ್ಟರೂ ಸತ್ತೆ ಅನ್ನಿಸಿ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು.

ಅಷ್ಟರಲ್ಲಿ ಒಳಗಿಂದ ಲತಾ ಬಂದಳು. ಇಷ್ಟು ವರ್ಷ ಒಲೆಯ ಮುಂದೆ ಬೆಂದವಳು, ಒಂದು ದಿನವೂ ಅಂಗಡಿಯ ಮುಂಭಾಗಕ್ಕೆ ಕಾಲಿಟ್ಟವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೇ ದೊನ್ನೆ ತುಂಬಿಕೊಂಡು, ಮಾವ ಕೂರುತ್ತಿದ್ದ ಬೆಂಚಿನ ಮೇಲೆ ರಸ್ತೆಗೆ ಮುಖ ಮಾಡಿ ಕೂತಳು.

"ಮಾಡಿದೋಳು ನಾನು, ನಾನೇ ತಿಂತೀನಿ. ನೋಡ್ಕಳಿ" ಎಂದು ದೊಡ್ಡ ತುತ್ತು ಬಾಯಿಗಿಟ್ಟಳು. ಮೂಳೆ ಕುಟ್ಟಿ ಹೀರಿದಳು.

"ಭಲೇ ಅಕ್ಕಾ! ಅಣ್ಣಾ, ನಂಗೆ ಎರಡು ದೊನ್ನೆ" ಎಂದ ಮೋಹನ್ ಕುಮಾರ್. ಜನ ನುಗ್ಗಿದರು.

ಚನ್ನಕೇಶವನಿಗೆ ಹೋದ ಜೀವ ಬಂದಂತಾಯಿತು. ಚಿಲ್ಲರೆಗೆಂದು ಡ್ರಾಯರ್ ಎಳೆದ. ಲ್ಯಾಬಿನ ಲಕೋಟೆ ಕೈಗೆ ಬಂತು. ತನ್ನ ಹಾಳೆಯ ಹಿಂದೆ ಇನ್ನೊಂದು ಹಾಳೆಯಿತ್ತು. ಅದನ್ನು ಅವನು ಬಿಡಿಸಿಯೇ ನೋಡಿರಲಿಲ್ಲ. ಲತಾ, ನಲವತ್ತೆಂಟು ವರ್ಷ. ಕೆಟ್ಟ ಕೊಲೆಸ್ಟ್ರಾಲ್ ಎದುರು ದಪ್ಪ ಅಕ್ಷರದಲ್ಲಿ ಇನ್ನೂರಾ ಮೂವತ್ತೊಂದು.

ಕೂಗಿ ತಡೆಯುವ ಹಾಗಿಲ್ಲ, ಸುಮ್ಮನಿರುವ ಹಾಗೂ ಇಲ್ಲ. ಎದ್ದು ಹೋಗಿ ಅವಳ ಪಕ್ಕ ಕೂತ.

"ನಿಂಗೆ ನನಗಿಂತ ಜಾಸ್ತಿ ಐತಲ್ಲೇ" ಎಂದ ತಗ್ಗಿದ ದನಿಯಲ್ಲಿ.

"ಗೊತ್ತು."

"ಗೊತ್ತಿದ್ದೂ ತಿಂತಿದೀಯಾ?"

"ಮೆತ್ತಗೆ ಮಾತಾಡಿ. ಜನ ನೋಡ್ತಾವ್ರೆ" ಎಂದು ಲತಾ ರಸ್ತೆಯ ಕಡೆಗೆ ನಕ್ಕಳು.

ಅವನೂ ನಗಬೇಕಾಯಿತು. ದೊನ್ನೆಯ ತಳದಲ್ಲಿ ಕೊಬ್ಬಿನ ತುಂಡೊಂದು ಉಳಿದಿತ್ತು. ಎದುರಿಗೆ ಸಾಲು ರಸ್ತೆಯವರೆಗೂ ಬೆಳೆದಿತ್ತು. ಅವಳು ತಿನ್ನದಿರಲೆಂದು ಅವನು, ಅವನು ತಿನ್ನದಿರಲೆಂದು ಅವಳು, ಇಬ್ಬರೂ ಒಟ್ಟಿಗೇ ಅದಕ್ಕೆ ಕೈ ಹಾಕಿದರು.