ಮಾವನ ಕೂಗಿಗೆ ಹೊಸ ಮೆಷಿನ್ನು

ನಮ್ಮ ಮಾವ ಸಣ್ಣಬೀರಯ್ಯನವರು ತೀರಿಕೊಂಡ ಮೇಲೂ ಹೊಲ ಕಾಯುವುದನ್ನು ಬಿಟ್ಟಿರಲಿಲ್ಲ. ಹೀಗೆಂದರೆ ನನ್ನ ತವರು ಮಿರ್ಲೆಯಲ್ಲಿ ನಗುತ್ತಾರೆ. ನಾಲೆ ನೀರಲ್ಲಿ ಭತ್ತ ಬೆಳೆದು ರಾತ್ರಿ ಹೊದ್ದು ಮಲಗುವ ಜನ ಅವರು. ಆನೆ ಎಂದರೆ ದಸರೆಯಲ್ಲಿ ನೋಡುವಂಥದ್ದು. ಮದುವೆಯಾಗಿ ಈ ಎಚ್.ಡಿ. ಕೋಟೆಯ ಕಾಡಂಚಿಗೆ ಬರುವವರೆಗೆ ನಾನೂ ಹಾಗೇ ಇದ್ದೆ. ಇಲ್ಲಿ ರಾಗಿ ತೆನೆ ಬಲಿಯಿತೆಂದರೆ ಮನೆಯ ಗಂಡಸು ಅಟ್ಟಣೆ ಹತ್ತಲೇಬೇಕು. ನಾಲ್ಕು ಕಂಬ, ಮೇಲೆ ಹಲಗೆ, ತಲೆಗೆ ಹುಲ್ಲಿನ ಮಾಡು. ಮಲಗಿದರೆ ಕಾಲು ಹೊರಗೆ.

ಮಾವನಿಗೆ ಪಟಾಕಿ ಬೇಕಿರಲಿಲ್ಲವಂತೆ, ಬರೀ ಬಾಯಿ ಸಾಕು. ಗದರುವುದು, ಬೇಡುವುದು, ಡಬ್ಬ ಬಡಿಯುವುದು, ನಡುವೆ ಅತ್ತೆಗೆ ನೀರು ತಾ ಎಂದು ಕೂಗುವುದು, ಮತ್ತೆ ಗದರುವುದು. ಮೋಟು ಬಾಲದ ಒಂಟಿ ಸಲಗವೊಂದಿದೆ. ಪಕ್ಕದ ಹೊಲಗಳ ಸೋಲಾರ್ ಬೇಲಿಯನ್ನು ಒಣಮರ ಕೆಡವಿ ದಾಟುವಂಥ ಬುದ್ಧಿವಂತ. ಮಾವ ಅದನ್ನು ದೊಡ್ಡಯ್ಯ ಎನ್ನುತ್ತಿದ್ದರು. ಅವರ ಗಂಟಲು ಕೇಳಿದರೆ ಅದು ನಮ್ಮ ಹೊಲದ ಕಡೆ ಮುಖ ಹಾಕುತ್ತಿರಲಿಲ್ಲ.

ಆನೆಗಳ ಬಗ್ಗೆ ಓದುತ್ತಿದ್ದ ಹೆಣ್ಣುಮಗಳೊಬ್ಬಳು, ನಾನು ಈ ಮನೆಗೆ ಬರುವ ಮೊದಲು, ಇಲ್ಲಿ ಬಂದು ಇದ್ದಳಂತೆ. ಮಾವನ ಜೊತೆ ಎಷ್ಟೋ ರಾತ್ರಿ ಅಟ್ಟಣೆ ಮೇಲೆ ಕೂತು, ಅವರ ಕೂಗನ್ನೆಲ್ಲ ಮಿನಿ ಡಿಸ್ಕ್ ಎಂಬ ಮೆಷಿನ್ನಿನಲ್ಲಿ ಹಿಡಿದಳು. ಅಂಗೈಯಷ್ಟು ಮೆಷಿನ್ನು. ಅದರೊಳಗೆ ಚೌಕಾಕಾರದ ಪ್ಲಾಸ್ಟಿಕ್ ಚಿಪ್ಪು, ಚಿಪ್ಪಿನೊಳಗೆ ಹೊಳೆಯುವ ಪುಟ್ಟ ತಟ್ಟೆ. ಹೋಗುವಾಗ, ಇದರ ಕಾಲ ಮುಗಿಯಿತು ಅಂತ ಮಾವನ ಕೈಗೇ ಕೊಟ್ಟು ಹೋದಳು. ನಮ್ಮ ಯಜಮಾನರು ಅದಕ್ಕೆ ಮೈಕಿನ ಹಾರ್ನು, ಟ್ರ್ಯಾಕ್ಟರ್ ಬ್ಯಾಟರಿ ಎಲ್ಲ ಸಿಕ್ಕಿಸಿ ಅಟ್ಟಣೆಗೆ ಕಟ್ಟಿದರು. ಮಾವ ಸತ್ತ ಮೇಲೂ ಸಂಜೆಯಾದರೆ ಹೊಲದಿಂದ ಅವರ ಕೂಗು ಬರುತ್ತಿತ್ತು. ಮೊದಮೊದಲು ನನಗೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಮೇಲೆ ಅಭ್ಯಾಸವಾಯಿತು. ಸತ್ತವರು ದುಡಿಯುತ್ತಿದ್ದರೆ ಬದುಕಿದವರು ನಿದ್ದೆ ಮಾಡಬಹುದಲ್ಲ! ಇವರು ಮೇಲೆ ಗೊರಕೆ ಹೊಡೆಯುತ್ತಿದ್ದರು, ಅಪ್ಪ ಕೂಗುತ್ತಿದ್ದರು.

ಅತ್ತೆ ತಿಮ್ಮಮ್ಮನಿಗೆ ಮಾತ್ರ ಅಭ್ಯಾಸವೇ ಆಗಲಿಲ್ಲ. "ತಿಮ್ಮೀ, ನೀರ್ ತತ್ತಾ" ಎಂದು ಹಾರ್ನು ಕೂಗಿದಾಗಲೆಲ್ಲ ಬೆಚ್ಚಿ, "ತಂದೆ ಇರಿ" ಎನ್ನುವರು. ಯಾವಾಗ ಕೂಗುತ್ತದೋ ಗೊತ್ತಿಲ್ಲವಲ್ಲ. ಒಂದೊಂದು ದಿನ ಮೊದಲಿಗೇ, ಒಂದೊಂದು ದಿನ ಎರಡೆರಡು ಸಲ.

ಹೋದ ಕಾರ್ತೀಕದಲ್ಲಿ, ಸರಿಯಾಗಿ ರಾಗಿ ಕೊಯ್ಲಿಗೆ ಬಂದಾಗ, ಮೆಷಿನ್ನು ಕೈಕೊಟ್ಟಿತು. ಡಿಸ್ಕ್ ನುಂಗಿ ಗರಗರ ಎಂದು ಸುಮ್ಮನಾಗುವುದು. ಇವರು ಎರಡು ರಾತ್ರಿ ತಾವೇ ಕೂಗಿ ಗಂಟಲು ಕಟ್ಟಿಕೊಂಡರು. ಹಗಲು ಟ್ರ್ಯಾಕ್ಟರ್ ಮೇಲೆ ತೂಕಡಿಸಿ ಬದುವಿಗೆ ಗುದ್ದಿದರು. ನನಗೆ ರೇಗಿತು. "ಹಿಂಗೇ ಆದ್ರೆ ಆನೆ ಯಾಕ್ರೀ ಬೇಕು ನಿಮ್ಮನ್ನ ಸಾಯ್ಸಕ್ಕೆ?" ಎಂದು ಬೈದು, ಮೆಷಿನ್ನು ಚೀಲಕ್ಕೆ ಹಾಕಿಕೊಂಡು ಹ್ಯಾಂಡ್‌ಪೋಸ್ಟ್ ಪೇಟೆಯ ಬಸ್ಸು ಹತ್ತಿದೆ.

ಹ್ಯಾಂಡ್‌ಪೋಸ್ಟಿನಲ್ಲಿ ಸಾಗರ್ ಎಂಬ ಹುಡುಗನದು ಮೈಕ್ ಸೆಟ್ ಅಂಗಡಿ. ಮೆಷಿನ್ನನ್ನು ತಿರುವಿ ಮುರುವಿ ನೋಡಿ, "ಅಕ್ಕ, ಇದ್ನ ನಾನು ಯೂಟ್ಯೂಬಲ್ಲಿ ಬುಟ್ರೆ ಇಲ್ಲೇ ನೋಡ್ತಾ ಇರೋದು" ಎಂದ.

ಅವನು ನನ್ನ ಮುಂದೆ ಮೂರು ದಾರಿ ಇಟ್ಟ. ಒಂದು, ತರಕಾರಿ ಗಾಡಿಯವರು ಟೊಮೇಟೊ ಟೊಮೇಟೊ ಎಂದು ಕೂಗಿಸುವ ಡಬ್ಬ. ನಮ್ಮ ಮಾವನನ್ನು ಅದರಲ್ಲಿ ಕೂರಿಸಲು ನನಗೆ ಮನಸ್ಸು ಬರಲಿಲ್ಲ. ಇನ್ನೊಂದು, ಇದೇ ಜಾತಿಯ ಹಳೇ ಮೆಷಿನ್ನು. "ಬೆಂಗ್ಳೂರಲ್ಲಿ ಒಬ್ರತ್ರ ಸೆಕೆಂಡ್ ಹ್ಯಾಂಡ್ ಅದೆ, ತರ್ಸಬೋದು. ಆದ್ರೆ ಅದೂ ಮುದ್ಕ ಕಣಕ್ಕ. ಇವತ್ತೋ ನಾಳೆಯೋ." ಮೂರನೆಯದು ಹೊಸ ರೆಕಾರ್ಡರು. ಮೆಮೊರಿ ಕಾರ್ಡಿನದು, ತಟ್ಟೆಯಿಲ್ಲ, ತಿರುಗುವ ಭಾಗವೇ ಇಲ್ಲ, ಆದ್ದರಿಂದ ಸವೆಯುವುದೂ ಇಲ್ಲ.

ಮುದುಕನ ಜಾಗಕ್ಕೆ ಇನ್ನೊಬ್ಬ ಮುದುಕನನ್ನು ತಂದು ಕೂರಿಸಲು ನನಗೇನು ತಲೆ ಕೆಟ್ಟಿದೆಯೇ? ಹೊಸದೇ ಇರಲಿ ಎಂದೆ.

"ಆದ್ರೆ ಅಳೇದ್ರಿಂದ ಸುಮ್ನೆ ಕಾಪಿ ಒಡ್ಯಕ್ಕಾಗಲ್ಲ. ಅದು ಕೂಗ್ತಾ ಇರ್ಬೇಕು, ಇದು ಕೇಳ್ಕತಾ ಇರ್ಬೇಕು" ಎಂದು ಸಾಗರ್ ಹಳೆಯದರಲ್ಲಿ ಡಿಸ್ಕ್ ಓದುವ ಲೆನ್ಸಿಗೆ ಏನೋ ಸವರಿದ. ನಡುವೆ ಒಂದು ವೈರು ಸಿಕ್ಕಿಸಿದ. ಪುಣ್ಯಕ್ಕೆ ಮೆಷಿನ್ನು ಡಿಸ್ಕನ್ನು ಓದಿತು. ಅಂಗಡಿಯ ತುಂಬ ಮಾವನ ದನಿ. "ಓಗಪ್ಪಾ ದೊಡ್ಡಯ್ಯಾ, ಓಗು, ನಿನ್ ಕಾಡ್ಗ್ ನೀನು ಓಗು." ಬಸ್ಸಿಗೆ ಕಾಯುತ್ತಿದ್ದ ನಮ್ಮೂರ ಬೆಟ್ಟಸ್ವಾಮಣ್ಣ ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡು ನಿಂತುಬಿಟ್ಟರು.

ಮುಗಿಯುತ್ತಿದ್ದ ಹಾಗೆ ಹಳೆಯದು ಮತ್ತೆ ಗರಗರ ಎಂದಿತು. ಆಮೇಲೆ ಸಾಗರ್ ಏನು ಮಾಡಿದರೂ ಡಿಸ್ಕನ್ನು ಓದಲಿಲ್ಲ.

"ಅಕ್ಕ, ಅಳೇದು ಶಫಲ್‌ಗೆ ಬಿದ್ದಿತ್ತು. ಇಸ್ಪೀಟ್ ಎಲೆ ಕಲ್ಸ್‌ದಂಗೆ ಯಾವ್ದು ಬೇಕಾದ್ರೂ ಯಾವಾಗ್ ಬೇಕಾದ್ರೂ ಬತ್ತಾ ಇತ್ತು. ಸರಿ ಮಾಡಿವ್ನಿ. ಇನ್ಮೇಲೆ ಮೊದ್ಲಿಂದ ಕೊನೆಗಂಟ ಸಾಲಾಗಿ ಬತ್ತದೆ, ಮುಗೀತಿದ್ದಂಗೆ ತಿರ್ಗಾ ಮೊದ್ಲಿಂದ."

ಇಷ್ಟು ವರ್ಷ ಮಾವನನ್ನು ಅಡ್ಡಾದಿಡ್ಡಿ ಕೂಗಿಸಿದ್ದೆವಲ್ಲ ಎಂದು ನನಗೆ ನಾಚಿಕೆಯಾಯಿತು. ಅಚ್ಚುಕಟ್ಟು ಎಂದರೆ ನನಗೆ ಪ್ರಾಣ. ಅವನಿಗೆ ಎರಡು ಸಲ ಥ್ಯಾಂಕ್ಸ್ ಹೇಳಿ ಬಂದೆ. ಆ ನನ್ನ ಬಾಯಿಗೆ ಮಣ್ಣು ಹಾಕಬೇಕಿತ್ತು.

ಹೊಸ ದನಿ ಎಷ್ಟು ಸ್ವಚ್ಛವಾಗಿತ್ತೆಂದರೆ, ಮಾವ ಬೀಡಿಗೆ ಕಡ್ಡಿ ಗೀರಿದ್ದೂ ಮನೆಯವರೆಗೆ ಕೇಳುತ್ತಿತ್ತು. ಇವರು ಖುಷಿಯಾಗಿ, "ನಮ್ಮಪ್ಪಂಗೆ ತಿರ್ಗಾ ಪ್ರಾಯ ಬಂದಂಗಾಯ್ತಲ್ಲೇ" ಎಂದು ಕಂಬಳಿ ಹಿಡಿದು ಹೊರಟರು. ಅತ್ತೆ ಮಾತ್ರ ಗೋಡೆಗೊರಗಿ ಕೂತು ಬಹಳ ಹೊತ್ತು ಕೇಳಿದರು. ಎರಡು ದಿನ ಕೇಳಿದ ಮೇಲೆ, "ಇದು ಅವರಲ್ಲ ಕಣವ್ವ" ಎಂದರು.

"ಅವ್ರೇ ಕಣತ್ತೆ, ಮೆಷಿನ್ ಬ್ಯಾರೆ ಅಷ್ಟೇಯ."

"ಊಹೂಂ. ಅವ್ರು ಕರೆಯಾಕ್ ಮುಂಚೆನೇ ನಂಗೆ ಗೊತ್ತಾಗೋಯ್ತದೆ. ಬದ್ಕಿದ್ದಾಗ ಒಂದಿನಾನೂ ಅಂಗಾಗಿಲ್ಲ."

ವಯಸ್ಸಾಯಿತು, ಏನೋ ಹೇಳುತ್ತಾರೆ ಎಂದುಕೊಂಡೆ. ಆದರೆ ಆ ಸಂಜೆ ಗಮನಿಸಿದೆ: ಹಾರ್ನು ನೀರು ಕೇಳುವ ಮೊದಲೇ ಅತ್ತೆ ಚೊಂಬು ಹಿಡಿದು ಎದ್ದಿದ್ದರು.

ಅದೇ ವಾರ ಬೇಲಿಯಾಚೆ ಹೆಜ್ಜೆ ಕಾಣಿಸಿತು. ಬೆಳಿಗ್ಗೆ ದನ ಹೊಡೆದುಕೊಂಡು ಹೋದಾಗ ನೋಡಿದೆ. ಮೊರದಗಲದ ಹೆಜ್ಜೆ. ಅಲ್ಲಿ ಹುಲ್ಲೆಲ್ಲ ನೆಲ ಕಚ್ಚಿತ್ತು, ಲದ್ದಿ ಒಂದೇ ಕಡೆ ರಾಶಿ ಬಿದ್ದಿತ್ತು. ರಾತ್ರಿಯೆಲ್ಲ ಒಂದೇ ಜಾಗದಲ್ಲಿ ನಿಂತಿದ್ದ ಗುರುತು. ಇವರು ನಕ್ಕರು. "ಎದ್ರುಕೊಂಡು ನಿಂತವ್ನೆ ಕಣೇ. ಒಳೀಕ್ ಬರಾಕೆ ಧೈರ್ಯ ಇಲ್ಲ."

ಎರಡು ದಿನ ಬಿಟ್ಟು ಹೆಜ್ಜೆ ಬೇಲಿಯೊಳಗಿತ್ತು. ಬೇಲಿಯ ಮೇಲೆ ಒಣಮರ ಬಿದ್ದಿತ್ತು. ಒಂದು ತೆನೆ ಮುಟ್ಟಿರಲಿಲ್ಲ. ಮಾರನೆಯ ದಿನ ಇನ್ನೂ ಒಳಗೆ, ಬಾಳೆಯ ಸಾಲಿನ ಪಕ್ಕದಲ್ಲೇ ಹಾದಿತ್ತು. ಒಂದು ಗಿಡ ಮುರಿದಿರಲಿಲ್ಲ. ತಿನ್ನಲು ಬಂದ ಆನೆಗೆ ನಾನು ಹೆದರುವುದಿಲ್ಲ, ಹೊಟ್ಟೆ ಎಲ್ಲರಿಗೂ ಇದೆ. ತಿನ್ನದೇ ಹೋದ ಆನೆಗೆ ಹೆದರಿದೆ. ಹೆಜ್ಜೆಗಳ ಸಾಲು ರಾಗಿಯ ಕಡೆಗಿರಲಿಲ್ಲ. ನೆಟ್ಟಗೆ ಅಟ್ಟಣೆಯ ಕಡೆಗಿತ್ತು.

ಅವತ್ತು ಸಂಜೆ ಮುದ್ದೆ ತಿರುವುತ್ತಿದ್ದೆ. ಹೊಲದಲ್ಲಿ ಹಾರ್ನು ಶುರುವಾಗಿತ್ತು. ಕೋಲು ತಿರುವುತ್ತಾ ತಿರುವುತ್ತಾ, ನನ್ನ ಬಾಯಿ ತಾನೇ ಗುನುಗುತ್ತಿತ್ತು: ಓಗಪ್ಪಾ ದೊಡ್ಡಯ್ಯಾ. ಡಬ್ಬದ ಸದ್ದು. ಲೇ ಬಡ್ಡೆತ್ತದೆ, ನಿಂಗೇನು ಮನೆ ಮಠ ಇಲ್ವಾ. ತಿಮ್ಮೀ, ನೀರ್ ತತ್ತಾ. ಕೆಮ್ಮು. ನಾನು ಅಂದ ಮೇಲೆ ಹಾರ್ನು ಅನ್ನುತ್ತಿತ್ತು. ಕೋಲು ಕೈಯಲ್ಲೇ ನಿಂತಿತು. ಒಲೆ ಮುಂದೆ ಬೇರೆ ಕೆಲಸದ ನಡುವೆ ಕೇಳಿದ ನನಗೇ ಇಷ್ಟು ಬಾಯಿಪಾಠವಾಗಿದ್ದರೆ, ರಾತ್ರಿಯೆಲ್ಲ ಕಿವಿಗೊಟ್ಟು ನಿಂತ ಅದಕ್ಕೆ ಎಷ್ಟಾಗಿರಬೇಡ! ಹೆದರಿ ನಿಂತದ್ದಲ್ಲ ಅದು. ಕೂಗಿನ ಸಾಲು ತಪ್ಪುತ್ತದೆಯೇ ಎಂದು ಕಾದು ನೋಡಿದ್ದು. ಸಾಲು ತಪ್ಪದ ಮೇಲೆ ಕೂಗುತ್ತಿರುವುದು ಮನುಷ್ಯನಲ್ಲ ಎಂದು ಅದಕ್ಕೆ ಗೊತ್ತಾಗಿತ್ತು.

ಫೋನು ಮಾಡಿದೆ. ಇವರು ಆಗಲೇ ಅಟ್ಟಣೆ ಮೇಲಿದ್ದರು. "ಇಳಿದು ಬಂದ್ಬುಡ್ರೀ, ದೊಡ್ಡಯ್ಯ ಮಾವನ ಕೂಗ್ನೆಲ್ಲ ಬಾಯಿಪಾಠ ಮಾಡ್ಕೊಂಡವ್ನೆ. ಇವತ್ತೊಂದಿನ ರಾಗಿ ಓದ್ರೆ ಓಗ್ಲಿ."

"ನಿಂಗೇನ್ ತಲೆ ಕೆಟ್ಟಿದ್ದಾ? ಆನೆ ಬಾಯಿಪಾಠ ಮಾಡ್ತದಾ? ಅದೇನ್ ಇಸ್ಕೂಲಿಗ್ ಓಗಿದ್ದಾ?"

"ಸಾಗರನ ತಾವ ಕೂಗ್ನ ತುಂಡುತುಂಡು ಮಾಡ್ಸ್‌ಕೊಂಡು ಬತ್ತೀನಿ, ಮೊದ್ಲಂಗೆ ಕಲ್ಸಿ ಕೊಡ್ತಾನೆ. ಅಲ್ಲಿಗಂಟ ಬ್ಯಾಡ."

"ನಾಳೆ ಮಾಡ್ಸು. ಈಗ ನಿದ್ದೆ ಬತ್ತಾ ಅದೆ, ಬುಡು" ಎಂದು ಇಟ್ಟರು. ಮತ್ತೆ ಮಾಡಿದರೆ ಸ್ವಿಚ್ ಆಫ್. ಅವರನ್ನು ಎಳೆದು ತರಲು ಆಗಲೇ ಕತ್ತಲಲ್ಲಿ ಹೋಗಬೇಕಿತ್ತು. ಅತ್ತೆ ಬಾಗಿಲಿಗೆ ಅಡ್ಡ ಕೂತು ಬಿಡಲಿಲ್ಲ. ನಾನೂ ಅವರನ್ನು ತಳ್ಳಿ ಹೋಗುವಷ್ಟು ಧೈರ್ಯದವಳಾಗಿರಲಿಲ್ಲ.

ಕೋಳಿ ಕೂಗಿ ಬೆಳಕು ಬಿಟ್ಟ ಕೂಡಲೇ ಓಡಿದೆ. ಮಂಜು ರಾಗಿಯ ಮೇಲೆ ಕೂತಿತ್ತು. ಹಾರ್ನು ಕೂಗುತ್ತಲೇ ಇತ್ತು. ಬೇಲಿಯ ಬಳಿ ಬಂದು ನೋಡಿದರೆ ಅಟ್ಟಣೆಗೆ ಐದನೆಯ ಕಂಬ ಹುಟ್ಟಿದ ಹಾಗೆ ಕಂಡಿತು. ಮೋಟು ಬಾಲ ಅಲ್ಲಾಡಿತು. ಅದು ಹಣೆಯನ್ನು ಒಂದು ಕಂಬಕ್ಕೆ ಒತ್ತಿ, ಮೆಲ್ಲಗೆ, ಬಾಗಿಲು ಗಟ್ಟಿಯಿದೆಯೇ ಎಂದು ನೋಡುವವರ ಹಾಗೆ ತಳ್ಳುತ್ತಿತ್ತು. ತಲೆಯ ಮೇಲೆಯೇ ಮಾವ "ಲೇ ಬಡ್ಡೆತ್ತದೆ" ಎಂದು ಬೈಯುತ್ತಿದ್ದರು. ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಲಗೆಯ ಹೊರಗೆ ಇವರ ಎರಡು ಪಾದ ಕಾಣುತ್ತಿದ್ದವು. ಮಲಗಿದ್ದರು.

ಕೂಗಬೇಕೆಂದು ಬಾಯಿ ತೆರೆದೆ. ಬಂದದ್ದು ಏನು? "ಓಗಪ್ಪಾ ದೊಡ್ಡಯ್ಯಾ! ಓಗು! ನಿನ್ ಕಾಡ್ಗ್ ನೀನು ಓಗು!" ಅಷ್ಟು ದಿನ ಕೇಳಿ ಕೇಳಿ ಬಾಯಲ್ಲಿ ಅದೇ ತುಂಬಿತ್ತು. ಇನ್ನೊಮ್ಮೆ ಕೂಗಿದರೂ ಅದೇ. ಆನೆ ತಿರುಗಿ ನೋಡಲಿಲ್ಲ. ಇವರೂ ಏಳಲಿಲ್ಲ. ಆ ಮಾತಿಗೆ ಇಬ್ಬರೂ ಒಗ್ಗಿಹೋಗಿದ್ದರು. ಕಂಬ ಲಟಕ್ ಎಂದಿತು.

ಗಂಡನ ಹೆಸರು ಹೇಳಿದರೆ ಅವರ ಆಯುಸ್ಸು ಕಮ್ಮಿಯಾಗುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರೆ. ಮದುವೆಯ ದಿನ ಒಗಟು ಕಟ್ಟಿ ಹೇಳಿದ್ದು ಬಿಟ್ಟರೆ ನಾನು ಆ ಹೆಸರನ್ನು ಬಾಯಿಗೆ ತಂದವಳಲ್ಲ. "ಧರ್ಮೇಂದ್ರಾ!" ಎಂದು ಕಿರುಚಿದೆ. "ಲೇ ಧರ್ಮೇಂದ್ರಾ, ಏಳೋ!"

ಇವರು ಎದ್ದು ಕೂತರು. ಆನೆ ಹಣೆ ತೆಗೆದು ನನ್ನ ಕಡೆ ತಿರುಗಿತು. ಇವರು ಕೆಳಗೆ ನೋಡಿದವರೇ ನನ್ನ ಕಡೆಗೆ ಧುಮುಕಿದರು. ಬಿದ್ದ ಸದ್ದು ಕೇಳಿತು, ಅಮ್ಮಾ ಎಂದದ್ದು ಕೇಳಿತು. ಎದ್ದು ನಿಲ್ಲಲು ನೋಡಿ ಮತ್ತೆ ಕುಸಿದರು. ಕಾಲು ಹೋಗಿತ್ತು. ರಾಗಿಯ ಸಾಲಿನಲ್ಲಿ ಮೊಣಕೈ ಊರಿ ತೆವಳತೊಡಗಿದರು.

ಆನೆ ಅವರ ಮೇಲೆ ಹೋಗಲಿಲ್ಲ. ಕಿವಿ ಅಗಲಿಸಿ ನನ್ನನ್ನೇ ನೋಡುತ್ತಾ ನಿಂತಿತು. ಹೊಸ ದನಿ. ಮುಂದೆ ಏನು ಬರುತ್ತದೆ ಎಂದು ಕೇಳುತ್ತಿತ್ತು.

ಮಾತಾಡಿದೆ. ನನ್ನಷ್ಟು ಬಾಯಿಬಡುಕಿ ಈ ಊರಲ್ಲಿ ಇಲ್ಲ ಎನ್ನುತ್ತಾರೆ. ಮಿರ್ಲೆಯ ನಾಲೆಯ ಬಗ್ಗೆ ಹೇಳಿದೆ. ನಾಲೆಯಲ್ಲಿ ತೇಲಿಹೋದ ನನ್ನ ಲಂಗದ ಬಗ್ಗೆ, ಸೀರೆ ಉಡಿಸುತ್ತಾ ಅತ್ತ ಅಮ್ಮನ ಬಗ್ಗೆ ಹೇಳಿದೆ. ಸಾಗರನನ್ನು ಬೈದೆ, ನನ್ನನ್ನು ಬೈದೆ, ಆನೆಯ ವಂಶವನ್ನೆಲ್ಲ ಬೈದೆ. ಅದು ಕದಲಲಿಲ್ಲ. ಇವರು ತೆವಳುತ್ತಿದ್ದರು. ಮತ್ತೆ ನಾಲೆಯ ಮಾತೇ ಬಾಯಿಗೆ ಬಂತು. ಅಷ್ಟಕ್ಕೇ ಆನೆ ಕಿವಿ ಮಡಚಿ ಒಂದು ಹೆಜ್ಜೆ ಮುಂದಿಟ್ಟಿತು. ಕೂಡಲೇ ಬೇರೆ ಹೇಳಿದೆ, ನಿಂತಿತು. ಸೊಪ್ಪಿನ ಹೆಸರು ಹೇಳಿದೆ, ಬಸ್ ನಿಲ್ದಾಣಗಳ ಹೆಸರು ಹೇಳಿದೆ, ಯಾರಿಗೂ ಹೇಳಬಾರದೆಂದು ಇಟ್ಟುಕೊಂಡಿದ್ದ ಒಂದು ಮಾತನ್ನೂ ಹೇಳಿದೆ.

ಹೇಳದೇ ಉಳಿದದ್ದು ಇನ್ನೇನಿದೆ ಎಂದು ಹುಡುಕಿದೆ. ಮಾತು ಖಾಲಿಯಾಗುತ್ತಾ ಬಂದಿತ್ತು. ಇವರಿನ್ನೂ ಅರ್ಧ ಹೊಲದಲ್ಲಿದ್ದರು.